ಫ್ಲಾಸ್ಕಿನಲ್ಲಿ ಐಸು

ಚೀಟಿ ಮೂರು ವಾರದಿಂದ ಜೇಬಿನಲ್ಲಿದೆ.
ಒಂದು ಸಲ ಅಂಗಿಯ ಜೊತೆ ಒಗೆಸಿಕೊಂಡು
ಡಾಕ್ಟರಮ್ಮನ ಅಕ್ಷರ ಇನ್ನಷ್ಟು ಡಾಕ್ಟರ ಅಕ್ಷರವಾಗಿದೆ.
‘ಫ್ಲೂ ಲಸಿಕೆ, ವರ್ಷಕ್ಕೊಂದು ಸಲ. ನಿಮ್ಮ ವಯಸ್ಸಿಗೆ
ಹಾಕಿಸಿಕೊಂಡರೆ ಒಳ್ಳೆಯದು’ ಅಂದಳು.
ಬಲವಂತ ಮಾಡಲಿಲ್ಲ. ಮಾಡಿದ್ದರೆ
ಜಗಳವಾಡಿ ಮನೆಗೆ ಬರಬಹುದಿತ್ತು.

ಪಿಳ್ಳಮ್ಮ ಏನೂ ಕೇಳುವುದಿಲ್ಲ. ಅಂಗಿ ಒಗೆಯುವ ಮೊದಲು
ಚೀಟಿ ತೆಗೆದು ಕಿಟಕಿಯ ಮೇಲೆ ಇಡುತ್ತಾಳೆ,
ಒಣಗಿದ ಮೇಲೆ ಮತ್ತೆ ಜೇಬಿಗೆ ಹಾಕುತ್ತಾಳೆ. ಅಷ್ಟೇ.
ಹೋದ ವರ್ಷ ಹನ್ನೊಂದು ದಿನ
ನನ್ನ ಕೆಮ್ಮಿನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದವಳು;
ಜ್ವರದಲ್ಲಿ ನಾನು ಅವಳಿಗೆ
‘ಏಯ್, ಕೊಂಬು ಹಿಡಿ, ಗಟ್ಟಿಯಾಗಿ ಹಿಡಿ’ ಅಂದೆನಂತೆ.
ಅವಳು ನನ್ನ ಎರಡು ಕೈಯನ್ನೂ ಹಿಡಿದುಕೊಂಡಳಂತೆ.

ನಗು ಬರುತ್ತದೆ. ಮೂವತ್ತೊಂದು ವರ್ಷ
ಮುಳಬಾಗಿಲು ಪಶು ಆಸ್ಪತ್ರೆಯ ಸೈಕಲ್ಲಿನಲ್ಲಿ
ನಂಗಲಿ, ಬೈರಕೂರು, ಆವಣಿ ಬೆಟ್ಟದ ಬುಡ,
ಆರು ತಿಂಗಳಿಗೊಮ್ಮೆ ಬಾಗಿಲು ಬಾಗಿಲಿಗೂ ನಿಂತು
‘ಕಾಲುಬಾಯಿ ಜ್ವರದ ಸೂಜಿ, ಹಸು ಕಟ್ರಪ್ಪೋ’ ಎಂದವನು ನಾನು.
ಸೂಜಿ ಹಾಕಿಸಿದರೆ ಹಾಲು ಇಳಿಯುತ್ತದೆ ಎಂದವರಿಗೆ
‘ಎರಡು ದಿನ ಇಳಿಯುತ್ತೆ, ಆಮೇಲೆ ಏರುತ್ತೆ.
ಹಸುವೇ ಹೋದರೆ ಏನು ಕರೀತೀರಿ, ಗೂಟಾನಾ?’
ಎಂದು ಬೈದವನು.

ಈಗ ಬೆಳಗಿನ ವಾಕಿಂಗಿನಲ್ಲಿ ಸೊಣ್ಣೇಗೌಡ:
‘ನಾನು ಹಾಕಿಸ್ಕೊಂಡೆ, ಆದ್ರೂ ನೆಗಡಿ ಬಂತು.’
ಗಂಗಿರೆಡ್ಡಿ: ‘ನನಗೆ ಮಲಗಿಸೋ ಜ್ವರ ಬರಲಿಲ್ಲ;
ಹಾಕಿಸ್ಕೊಳ್ದೆ ಇದ್ರೆ ಬರ್ತಿತ್ತೋ ಇಲ್ವೋ, ಯಾರಿಗೆ ಗೊತ್ತು?’
ಎರಡೂ ನಿಜ. ಈ ಜ್ವರ ವರ್ಷಕ್ಕೊಂದು ಅಂಗಿ ಬದಲಿಸುತ್ತದೆ,
ಅಂಗಿ ನೋಡಿ ಆಳು ಹಿಡಿಯುವ ಕೆಲಸ ಔಷಧಿಯದು.
ಎರಡು ಸಾವಿರದ ಹತ್ತಿರ ಆಗುತ್ತದಂತೆ. ನನ್ನ ಪಿಂಚಣಿಗೆ
ಅದು ಸಣ್ಣದೂ ಅಲ್ಲ, ನೆಪ ಆಗುವಷ್ಟು ದೊಡ್ಡದೂ ಅಲ್ಲ.

ನವೆಂಬರ್. ಬ್ಯಾಂಕಿಗೆ ಹೋಗಿ
ಬದುಕಿದ್ದೇನೆಂದು ಹೆಬ್ಬೆಟ್ಟು ಒತ್ತಿ ಬರುವ ತಿಂಗಳು.
ಮೆಷಿನ್ನು ಎರಡು ಸಲ ಒಪ್ಪಲಿಲ್ಲ.
ಗೆರೆ ಸವೆದಿದೆ ಎಂದು ಹುಡುಗಿ
ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿದಳು.
ಮೂರನೆಯ ಸಲ ಹಸಿರು ದೀಪ: ಇದ್ದಾನೆ.
ಇನ್ನೊಂದು ವರ್ಷಕ್ಕೆ.

ಸೂಜಿಗೆ ಹೆದರಿಕೆಯಲ್ಲ. ಹೇಳಿಬಿಡುತ್ತೇನೆ.
ಒಂದು ಮೇ ತಿಂಗಳು, ತಾಯಲೂರು ದಾಟಿ ಟೈರು ಪಂಚರಾಗಿ
ಹೊತ್ತು ಮೀರಿ ಫ್ಲಾಸ್ಕಿನ ಮುಚ್ಚಳ ತೆಗೆದರೆ ಐಸು ಇಲ್ಲ,
ಸ್ನಾನದ ನೀರಿನಷ್ಟು ಬೆಚ್ಚಗೆ ಸೀಸೆ ತೇಲುತ್ತಿತ್ತು.
ಹಿಂದಕ್ಕೆ ಹೋಗಬೇಕಿತ್ತು. ಹದಿನಾಲ್ಕು ಹಸು
ಹೊಂಗೆ ಮರದ ಕೆಳಗೆ ಕಟ್ಟಿ ಜನ ಕಾಯುತ್ತಿದ್ದರು.
ಹಾಕಿದೆ.
ಹದಿನಾಲ್ಕೂ ರಿಜಿಸ್ಟರಿನಲ್ಲಿ ಬರೆದೆ.
ಮಳೆಗಾಲಕ್ಕೆ ಅಕ್ಕಾಯಮ್ಮನ ಒಂದೇ ಹಸು
ಜೊಲ್ಲು ಸುರಿಸಿ, ಗೊರಸು ಬಿಟ್ಟು, ಮಲಗಿದ್ದು ಏಳಲಿಲ್ಲ.
ಅವಳು ಬೈಯಲಿಲ್ಲ. ‘ನೀವು ಹಾಕಿದ್ರಲ್ಲ ಸಾಮಿ,
ಅದರ ಹಣೇಬರಹ’ ಎಂದು
ಪಕ್ಕದ ಮನೆಯಿಂದ ಮಜ್ಜಿಗೆ ತಂದು ಕೊಟ್ಟಳು.
ಕುಡಿದೆ.

ಅಂದಿನಿಂದ ಯಾರ ಕೈಯ ಸೀಸೆ ನೋಡಿದರೂ
ಕೇಳಬೇಕೆನಿಸುತ್ತದೆ:
ನಿನ್ನ ಟೈರು ಎಲ್ಲಿ ಪಂಚರಾಯಿತು?

ಇವತ್ತು ಮಡಿಕೆಯಲ್ಲಿ ಚೀಟಿ ಹರಿಯಿತು. ಎರಡು ತುಂಡು.
ಪಿಳ್ಳಮ್ಮ ಅನ್ನದ ಅಗುಳಿನಿಂದ ಅಂಟಿಸಿ ಕೈಗೆ ಕೊಟ್ಟಳು.
ಕ್ಲಿನಿಕ್ಕಿನ ನರ್ಸು ಮುಬೀನಾ ಫ್ರಿಜ್ಜು ತೆಗೆದಳು.
‘ರಾತ್ರಿ ಕರೆಂಟು ಹೋಗಿತ್ತಲ್ಲಮ್ಮಾ?’ ಅಂದೆ.
ಅವಳು ನಗಲಿಲ್ಲ. ಒಳಗಿನ ಥರ್ಮಾಮೀಟರ್ ತೋರಿಸಿದಳು,
ಬಾಗಿಲಿಗೆ ಅಂಟಿಸಿದ ಹಾಳೆ ತೋರಿಸಿದಳು:
ಬೆಳಿಗ್ಗೆ ನಾಲ್ಕು ಡಿಗ್ರಿ, ಸಂಜೆ ಐದು, ಪಕ್ಕದಲ್ಲಿ ಸಹಿ.
ಸಹಿ ಎಂದರೆ ಏನೆಂದು ನನಗೆ ಗೊತ್ತು.
ಆದರೆ ಹೋದ ವಾರದ ಒಂದು ದಿನದ ಮುಂದೆ ಏನೂ ಇರಲಿಲ್ಲ.
‘ಅವತ್ತು ನೋಡೋದು ಮರೆತೆ ಸಾರ್,
ಅದಕ್ಕೇ ಖಾಲಿ ಬಿಟ್ಟೆ.
ಆಗ ಇದ್ದ ಸೀಸೆ ಯಾವುದೂ ಇಲ್ಲಿಲ್ಲ. ಇದು ನಿನ್ನೆ ಬಂದಿದ್ದು.’

ಆ ಖಾಲಿ ಮನೆಯನ್ನೇ ನೋಡುತ್ತ
ಅಂಗಿಯ ತೋಳು ಮೇಲಕ್ಕೆ ಮಡಚಿದೆ.
‘ಯಾವ ಕೈ ಸಾರ್?’ ಅಂದಳು.
ಯಾವ ಹಸುವನ್ನೂ ನಾನು ಹಾಗೆ ಕೇಳಿರಲಿಲ್ಲ.