ಎಡಜೇಬು

ನಮ್ಮ ಮನೆಗಿದ್ದದ್ದು ಒಂದೇ ಬಂದೂಕು, ಅಪ್ಪನದು.
ಮೂಸ್ ಹೊಡೆಯಲೆಂದು ಕೊಂಡದ್ದು:
ನನ್ನ ಕಿರುಬೆರಳು ಹಿಡಿಸುವಷ್ಟು ಬಾಯಿ,
ಹೆಗಲಿಗೆ ಹೇಸರಗತ್ತೆಯ ಒದೆ.
ಅಪ್ಪ ಹೋದಮೇಲೆ ಚಿಕ್ಕದೊಂದು ಕೊಳ್ಳಲು ದುಡ್ಡಿರಲಿಲ್ಲ,
ಹೊಟ್ಟೆಗೋ, ಮೂಸ್ ಸಿಗುವತನಕ ಕಾಯುವ ಅಭ್ಯಾಸವಿರಲಿಲ್ಲ.

ಮೊದಲು ಹೊಡೆದವನು ಅಣ್ಣ ಏಬೆಲ್.
ಸ್ಪ್ರೂಸ್ ಕೊಂಬೆಯ ಮೇಲೆ ಕಾಡುಕೋಳಿ,
ಹಾರಬೇಕೆಂದೂ ತಿಳಿಯದ ಪೆದ್ದು.
ಸದ್ದು ಸ್ಟೂವರ್ಟ್ ನದಿಯ ಆಚೆ ದಡ ಮುಟ್ಟಿ
ತಿರುಗಿ ಬಂತು.
ಕೋಳಿ ಬರಲಿಲ್ಲ.
ಎರಡು ಕಾಲು, ಒಂದು ಕೊಕ್ಕು,
ಬಹಳ ಹೊತ್ತು ಇಳಿಯುತ್ತಲೇ ಇದ್ದ ಗರಿ.
ಏಬೆಲ್ ನಕ್ಕ. ಅಕ್ಕ ಹೆಸ್ಟರ್ ನಗಲಿಲ್ಲ,
ಕಾಲುಗಳನ್ನು ಹೆಕ್ಕಿ ಕೋಟಿನೊಳಗೆ ಇಟ್ಟುಕೊಂಡಳು.
ಅವತ್ತು ಅವನ್ನೇ ಕುದಿಸಿದೆವು.
ಯಾರೂ ಏನೂ ಅನ್ನಲಿಲ್ಲ.

ಆ ಚಳಿಗಾಲ ಅಕ್ಕ ಕಲಿತದ್ದು ಕಮ್ಮಿ ಮಾಡುವುದನ್ನು.
ಹಳೇ ಟ್ರಕ್ಕಿನ ಚಕ್ರದಿಂದ ಕಿತ್ತ ಸೀಸವನ್ನು
ಬೇರೆಯದೇ ಒಂದು ಪಾತ್ರೆಯಲ್ಲಿ
(ಮುಟ್ಟಿದರೆ ಪೆಟ್ಟು)
ಕರಗಿಸಿ ಅಚ್ಚಿಗೆ ಹೊಯ್ದಳು.
ಮದ್ದು ತೂಗುವಾಗ ಬಾಗಿಲು ಮುಚ್ಚಿಸಿದಳು, ನಮ್ಮ ಬಾಯಿಯನ್ನೂ;
ತಕ್ಕಡಿಗೆ ಉಸಿರೂ ಭಾರ.
ಎಪ್ಪತ್ತು ಗ್ರೇನ್ ತುಂಬುವ ತೋಟಾದೊಳಗೆ ಹನ್ನೊಂದು.
‘ಹೆಚ್ಚಾದರೆ ಕೋಳಿ ಇಲ್ಲ.
ಕಮ್ಮಿಯಾದರೆ ಗುಂಡು ನಳಿಗೆಯಲ್ಲೇ ಕೂತುಬಿಡುತ್ತದೆ,
ಮುಂದಿನದು ಬಂದು ಅದಕ್ಕೆ ಹಾಯುತ್ತದೆ,
ಆಮೇಲೆ ನಾನಿಲ್ಲ.’
ಮೂಸ್ ಕೊಲ್ಲುವುದಕ್ಕೆ ಅಪ್ಪ
ಇಷ್ಟು ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ.

ತುದಿಗೆ ಉಗುರುಬಣ್ಣ,
ಯಾರದೋ ಮದುವೆಗೆಂದು ತಂದು ಬಳಸದೆ ಉಳಿದ ಕೆಂಪು.
ಕೆಂಪು ಎಡಜೇಬಿಗೆ: ಕೋಳಿ, ಮೊಲ.
ಬಣ್ಣವಿಲ್ಲದ್ದು ಬಲಕ್ಕೆ: ಕರಡಿ.
ಕತ್ತಲಲ್ಲೂ ಕೈ ತಪ್ಪಬಾರದೆಂದು
ಎಡಕ್ಕೊಂದು ಗುಂಡಿ ಹೊಲಿದಳು.

ಆ ಬಂದೂಕಿನ ಬಾಯಲ್ಲಿ ಆ ಸದ್ದನ್ನು ಕೇಳಬೇಕಿತ್ತು,
ಊರಿಗೇ ಕೇಳುವಂತೆ ಬೈದಾಡುವ ಮುದುಕ
ತೊಟ್ಟಿಲಿಗೆ ಬಗ್ಗಿ ಏನೋ ಅಂದ ಹಾಗೆ.
ಕೋಳಿ ಬಿತ್ತು. ಇಡಿಯಾಗಿ ಬಿತ್ತು.
ಪಕ್ಕದ ಕೊಂಬೆಯದು ಕತ್ತು ಕೊಂಕಿಸಿ ನೋಡಿತು, ಅಷ್ಟೇ.
ರೆಕ್ಕೆಗಳನ್ನು ಮೆಟ್ಟಿ ನಿಂತು
ಕಾಲು ಹಿಡಿದೆಳೆದರೆ ಎದೆ ಕಳಚಿ ಬರುತ್ತದೆ.
ಮೇವುಚೀಲದ ತುಂಬ ಕ್ರ್ಯಾನ್‌ಬೆರಿ, ಇನ್ನೂ ಬೆಚ್ಚಗೆ.
ಒಂದನ್ನು ತಿಂದೆ. ಹುಳಿ.
ಪ್ರತಿ ಹೊಡೆತದ ನಂತರವೂ ಅಕ್ಕ
ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ಇಣುಕುತ್ತಿದ್ದಳು,
ಬೆಳಕಿನ ಕಾಸೊಂದು ಕಂಡ ಮೇಲೇ ಮುಂದಿನ ಹೆಜ್ಜೆ.

ಮೂರನೆಯ ಅಕ್ಟೋಬರಿನಲ್ಲಿ, ತೊರೆಯ ತಿರುವಿನಲ್ಲಿ,
ಕಂದು ಕರಡಿ ಎದ್ದು ನಿಂತಿತು.
ನಳಿಗೆಯಲ್ಲಿ ಕೆಂಪು.
ಬಲಜೇಬು ಒಂದು ಗೇಣು ದೂರ.
ಗೇಣೆಂದರೆ ಎಷ್ಟು ಅಂತ ಅವತ್ತು ತಿಳಿಯಿತು.
ಅಕ್ಕ ಬಂದೂಕು ಎತ್ತಲಿಲ್ಲ.
ನಮ್ಮಮ್ಮನ ಮಾತಿನಲ್ಲಿ,
ಶಾಲೆಯಲ್ಲಿ ಆಡಿ ಏಟು ತಿಂದಿದ್ದ ಆ ಮಾತಿನಲ್ಲಿ,
‘ಅಜ್ಜಾ, ನಾವು ಕೋಳಿಗೆ ಬಂದವರು’ ಅಂದಳು.
ಅದೂ ಹನ್ನೊಂದು ಗ್ರೇನಿನ ದನಿ.
ಕರಡಿ ಮೂಸಿತು. ನನ್ನ ಬೂಟಿನೊಳಗೆ ಬೆಚ್ಚಗಾಯಿತು.
ಆಮೇಲೆ ಅದು ಕೈ ಕೆಳಗೂರಿ,
ಏನೋ ಮರೆತು ಬಂದವರಂತೆ ಹೊರಳಿ
ವಿಲ್ಲೋ ಪೊದೆಯೊಳಗೆ ಹೋಯಿತು.

ದಾರಿಯಲ್ಲಿ ಎರಡು ಕೋಳಿ ಕಂಡವು. ಹೊಡೆಯಲಿಲ್ಲ.
ಬೆಳಿಗ್ಗೆ ಹೊಡೆದದ್ದೊಂದಿತ್ತು, ಸಾಕು.
ಮದ್ದನ್ನು ಕಾಳಿಗೆ ಕಾಳು ತೂಗಿದ ಕೈ
ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಹಾಕಿತು.
ಏಬೆಲ್ ನನ್ನ ಮುಖ ನೋಡಿದ.
ತಳ ಕಾಣುವತನಕ ಉಂಡೆವು.