ಎರಡು ಕಳೆ

ಸಾಗರದ ಆಸ್ಪತ್ರೆಯ ಹಳೇ ಉಗ್ರಾಣ ಖಾಲಿ ಮಾಡುವಾಗ
ತುಕ್ಕು ಹಿಡಿದ ಬೆಡ್‌ಪ್ಯಾನುಗಳ ಕೆಳಗೆ ಸಿಕ್ಕಿತು ನನಗೆ
ಬೀಟೆಯಲ್ಲಿ ಮಾಡಿದ ಕೋನಮಾಪಕ:
ಎರಡು ತೋಳು, ನಡುವೆ ಹಿತ್ತಾಳೆಯ ಗುಬ್ಬಿ,
ಅರ್ಧಚಂದ್ರದ ಅಂಚಿಗೆ ಕೂದಲೆಳೆಯಂಥ ಗೀರು.
ಜೊತೆಗೆ ಗೆದ್ದಲು ತಿಂದುಳಿದ ನೋಟುಬುಕ್ಕು.
ಸನ್ ೧೯೩೭. ಸಂಧಿವಾತ.
ರೋಗಿ: ಗುಡಿಗಾರ ಗುತ್ಯಪ್ಪ, ನಲವತ್ತೊಂದು.

ಶ್ರೀಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ
ಜೋಳದ ಕಾಳಿನಷ್ಟು ಗಿಳಿಗೆ ಕಣ್ಣು ಬಿಡಿಸುತ್ತಿದ್ದ ಕೈ.
ಈಗ ಬೆಳಗ್ಗೆ ಎದ್ದರೆ ಉಳಿ ನಿಲ್ಲುವುದಿಲ್ಲ;
ಬಿಸಿಲು ಅಂಗಳ ದಾಟುವವರೆಗೆ
ಬೆರಳು ಬೇರೆ ಯಾರದೋ.

ಸೋನ್ಸ್ ಡಾಕ್ಟರರಿಗೆ ಅನುಮಾನ ಊಟದ ಮೇಲೆ.
ತಕ್ಕಡಿ ಹೊರಿಸಿಕೊಂಡು ಅವನ ಮನೆಗೇ ಹೋದರು.
ಕುಚ್ಚಲಕ್ಕಿ ಗಂಜಿ ಇಷ್ಟು ತೊಲ, ಒಣಮೀನು ಇಷ್ಟು,
ಕಳಲೆ ಉಪ್ಪಿನಕಾಯಿ ಎರಡು ಹೋಳು, ತೂಗಲಾಗಲಿಲ್ಲ.
ಹಗಲು ರಾತ್ರಿಯ ಮೂತ್ರ ಶೀಷೆಗೆ.
ಮೂಗಿಗೆ ಚಿಮಟ ಸಿಕ್ಕಿಸಿ, ರಬ್ಬರು ಚೀಲಕ್ಕೆ ಉಸಿರು ಬಿಡಿಸಿ
ಒಳಗಿನ ಒಲೆ ಎಷ್ಟು ಉರಿಯುತ್ತದೆಂದು ಲೆಕ್ಕ ಹಾಕಿದರು.
ಹೆಂಡತಿ ದ್ಯಾವಮ್ಮ ಕೇಳಿದ್ದು ಪುಟದ ಅಂಚಿನಲ್ಲಿದೆ:
"ಉಸಿರು ತೂಗ್ತೀರಿ, ಸರಿ. ನೋವನ್ನ ಯಾವ ತಟ್ಟೆಗೆ ಹಾಕ್ತೀರಿ?"
ಕೆಳಗೆ ಉತ್ತರವಿಲ್ಲ. ಮಸಿ ಹರಡಿದ ಒಂದು ಚುಕ್ಕೆ.

ಮೂರು ತಿಂಗಳು ಮೀನು ಬಿಡಿಸಿದರು. ಬೆರಳು ಹಾಗೇ.
ಮೀನು ಕೊಟ್ಟು ಅಕ್ಕಿ ಬಿಡಿಸಿದರು. ಹಾಗೇ.
'ನನ್ನ ಊಹೆ ತಪ್ಪು' ಎಂದು ಬರೆದು
ಅಡಿಗೆರೆ ಎಳೆದು
ಮರುದಿನ ಜೇನುಮೇಣ ಕರಗಿಸಿದರು.

ಬಿಸಿಮೇಣದಲ್ಲಿ ಅದ್ದಿದ ಕೈ ಆರಿದ ಮೇಲೆ
ಸುಲಿದರೆ ಪೊರೆ ಬರುತ್ತಿತ್ತು, ಗೆರೆ ಸಮೇತ.
ಗುತ್ಯಪ್ಪ ಅದನ್ನು ಬೆಳಕಿಗೆ ಹಿಡಿದು
"ಎರಕದವರಿಗೆ ಕೊಡಬಹುದು" ಅಂದ.
ಆಮೇಲೆ ಗೋಡೆ ಹತ್ತುವುದು, ಬೆರಳಿಂದ, ಇರುವೆಯ ಹಾಗೆ,
ಮುಟ್ಟಿದಲ್ಲಿಗೆ ದಿನಕ್ಕೊಂದು ಸೀಸದಕಡ್ಡಿಯ ಗುರುತು.
(ಆ ಗೋಡೆಯಲ್ಲೀಗ ನನ್ನ ಕ್ಯಾಲೆಂಡರು.)

ಎಷ್ಟು ಮಡಿಚಿತು, ಎಷ್ಟು ಬಿಚ್ಚಿತು, ಅಳೆಯಬೇಕಲ್ಲ.
ಮದರಾಸಿನ ಅಂಗಡಿಯಿಂದ ಜವಾಬು ಬರಲಿಲ್ಲ.
"ಅದನ್ನೂ ನಾನೇ ಮಾಡ್ತೀನಿ ಬಿಡಿ" ಅಂದವನು ರೋಗಿ.

ಸೊನ್ನೆಯಿಂದ ಅರವತ್ತರವರೆಗೆ
ಮಗ್ಗದ ಎಳೆಗಳಂತೆ ಸರಿಸಮ.
ಎಂಬತ್ತರ ಹತ್ತಿರ ಒಂದು ಗೀರು ತುಸು ಓರೆ.
ನೂರರ ಮೇಲೆ ಸಾಲು ತಡವರಿಸುತ್ತದೆ,
ಘಟ್ಟದಿಳಿಜಾರಿನಲ್ಲಿ ಕೋಲೂರಿ ಇಳಿದಂತೆ.
ನನ್ನ ಪ್ಲಾಸ್ಟಿಕ್ಕಿನದನ್ನು ಪಕ್ಕಕ್ಕಿಟ್ಟು ನೋಡಿದೆ:
ಅದರ ನೂರಿಪ್ಪತ್ತು, ಇವನದರಲ್ಲಿ ನೂರಿಪ್ಪತ್ತೆರಡು.
ಕೆತ್ತುತ್ತ ಕೆತ್ತುತ್ತಲೇ ಕೈ ಬಿಟ್ಟುಹೋಗಿತ್ತು.

ಡಾಕ್ಟರಿಗೆ ಗೊತ್ತಿತ್ತು. ಹಿಂದಿನ ರಟ್ಟಿನೊಳಗೆ ಸಣ್ಣಕ್ಷರ:
'ನೂರರ ಮೇಲೆ ಎರಡು ಕಳೆ.'
ಬೇರೆ ತರಿಸಲಿಲ್ಲ.
ಹನ್ನೊಂದು ವರ್ಷ, ಮುನ್ನೂರ ಚಿಲ್ಲರೆ ಜನ,
ಎಲ್ಲರ ಮೊಣಕಾಲು ಮೊಣಕೈ ಕಳೆದು ಬರೆದ ಲೆಕ್ಕ.
ಕಡೆಯ ಪುಟದಲ್ಲಿ: 'ಕಾರಣ ತಿಳಿಯಲಿಲ್ಲ.
ಗುತ್ಯಪ್ಪ ಮತ್ತೆ ಉಳಿ ಹಿಡಿಯಲಿಲ್ಲ.
ಇಂದು ಅಂಗಿಯ ಗುಂಡಿ ತಾನೇ ಹಾಕಿಕೊಂಡು ಬಂದಿದ್ದ,
ಒಂದು ಮೇಲೆ ಕೆಳಗೆ.'

ಮಧ್ಯಾಹ್ನ ಹಾಲಮ್ಮ ಬಂದಳು, ಹೋಟೆಲಿನಲ್ಲಿ ರೊಟ್ಟಿ ತಟ್ಟುವವಳು.
ಮೊಣಕೈ ಮಡಿಚಿ, ಹಲ್ಲು ಕಚ್ಚಿ, "ಎಷ್ಟು ಬಂತು ಮೇಡಂ?"
ಬೀಟೆಯದನ್ನೇ ಇಟ್ಟು ನೋಡಿದೆ. ನೂರಹದಿನಾರು.
ಪುಸ್ತಕದಲ್ಲಿ ನೂರಹದಿನಾಲ್ಕು ಬರೆದೆ.
"ದಿನಾ ಇದನ್ನೇ ಇಡಿ" ಅಂದಳು,
"ಆ ಬಿಳೀದು ತಣ್ಣಗೆ ಕೊರೀತದೆ."