ತಪ್ಪಿದ ಲೆಕ್ಕ

ಬೊಲುಂಗಾರ್ವಿಕ್ ಬಂದರಿನಿಂದ ಮೂರು ತಾಸಿನ ದೂರ.
ಬಲೆ ಇನ್ನೂ ಒದ್ದೆಯಾಗಿರಲಿಲ್ಲ.
ಸ್ಟೇನ್‌ವೋರ್ ಪಡುವಣಕ್ಕೆ ಮೂಗೊಡ್ಡಿ ನಿಂತಳು,
ಅಡುಗೆಯ ಹುಡುಗನನ್ನೂ ಕರೆದು ಕೇಳಿದಳು: ನಿನಗೇನನ್ನಿಸುತ್ತೆ?
ಹದಿನೇಳರ ಅವನ ಕಿವಿ ಕೆಂಪಾಯಿತು. ಗೊತ್ತಿಲ್ಲ, ಅಂದ.
ನನಗೂ, ಅಂದವಳೇ
ಚುಕ್ಕಾಣಿ ತಿರುಗಿಸಿದಳು, ಮನೆಯ ಕಡೆ.

ಬಿರುಗಾಳಿ ಬರಲೇ ಇಲ್ಲ.
ಸಂಜೆ ಉಳಿದ ದೋಣಿಗಳು ಕಾಡ್ ಮೀನಿನ ಭಾರಕ್ಕೆ
ತುಂಬು ಬಸುರಿಯರ ಹಾಗೆ ಮೆಲ್ಲಗೆ ಬಂದವು.
ಕಟ್ಟೆಯ ಮೇಲೆ ಯಾರೋ ನಕ್ಕರು.
ನಾವು ನಮ್ಮ ಬೂಟು ನೋಡಿಕೊಂಡೆವು.

ಗೂಬೆ ಕೂರಿಸಲು ಜಾಗವೇನು ಕಮ್ಮಿಯೇ?
ಗಾಳಿಯಿತ್ತು, ರೇಡಿಯೋ ಇತ್ತು, ಆ ಹುಡುಗನಿದ್ದ.
ಅವಳು ದಿನಚರಿ ತೆರೆದು, ನಮ್ಮೆದುರೇ,
ಅಳಿಸಲಾಗದ ಮಸಿಯಲ್ಲಿ ಬರೆದಳು:
ಇಂದು ನನ್ನ ಲೆಕ್ಕ ತಪ್ಪಿತು.
ಆಮೇಲೆ ಆಲೂಗಡ್ಡೆ ಸುಲಿಯಲು ಕೂತಳು.
ಸರದಿ ಬೋಗುಮಿಲ್‌ನದು; ಅವನ ಹೆಬ್ಬೆರಳು ಊದಿತ್ತಂತೆ,
ಪಕ್ಕದಲ್ಲೇ ಮಲಗುವ ನಾನು ಕಂಡಿರಲಿಲ್ಲ.

ಬೇರೆ ದೋಣಿ ಹುಡುಕಬೇಕು
ಅಂದುಕೊಂಡೇ ಮಲಗಿದ್ದೆ ಆ ರಾತ್ರಿ.

ನಸುಕಿನ ನಾಲ್ಕಕ್ಕೆ, ಹಿಮ ಗೋರಿದ ಕಟ್ಟೆಯಲ್ಲಿ,
ಹಗ್ಗ ಬಿಚ್ಚುವ ಕೈಗಳನ್ನೆಣಿಸಿದೆ:
ನನ್ನವೂ ಸೇರಿ ಎಂಟು.
ಹುಡುಗ ಮಾತ್ರ ಒಂದು ಗಳಿಗೆ ಕೆಲಸ ಬಿಟ್ಟು
ಪಡುವಣಕ್ಕೆ ಮೂಗೊಡ್ಡಿ ನಿಂತಿದ್ದ.
ಅವಳು ಕಾಯುತ್ತಿದ್ದಳು.